ಕಾಗದದ ಪಾಲು

ಪಳಂಗಪ್ಪ ಮಾವನ ಕಣ್ಣಿಗೆ ಪೊರೆ ಬಂದ ವರ್ಷ
ನನಗೆ ಹನ್ನೊಂದು.
ಸುಬೇದಾರಿಕೆ ಮುಗಿಸಿ ತಂದ ಟ್ರಂಕಿನಲ್ಲಿ
ಎರಡು ಕಂಬಳಿ, ಒಂದು ದಿಕ್ಸೂಚಿ,
ಹಿಂದೆ ಬಟ್ಟೆ ಅಂಟಿಸಿದ ಸರ್ವೇ ಹಾಳೆ, ಇಂಚಿಗೊಂದು ಮೈಲಿ.
"ಚೋಂದಿ, ನಿನ್ನ ಕಣ್ಣು ಕೊಡು" ಅಂದ,
ನಶ್ಯದ ಡಬ್ಬಿ ಕೇಳುವ ಹಾಗೆ.

ಮೊದಲ ದಿನ ನನಗೆ ಕಂಡದ್ದು
ಕೆನೆಗಟ್ಟಿದ ಹಾಲನ್ನು ಯಾರೋ ಊದಿದಂತೆ
ಬರೀ ಸುಕ್ಕು, ಕಂದು ಸುಕ್ಕು.
ಮಾವ ಬಯ್ಯಲಿಲ್ಲ. ಒರಳಿನ ಗುಂಡುಕಲ್ಲನ್ನು
ಹಿತ್ತಾಳೆ ಬೋಗುಣಿಯಲ್ಲಿ ನಿಲ್ಲಿಸಿ
ಒಂದು ಲೋಟ ನೀರು ಹೊಯ್ದು
ನೀರು ಮುಟ್ಟಿದಲ್ಲಿ ಇದ್ದಿಲಿನಿಂದ ಗೆರೆ ಎಳೆಸಿದ.
ಇನ್ನೊಂದು ಲೋಟ, ಇನ್ನೊಂದು ಗೆರೆ.
ಆರನೆಯದಕ್ಕೆ ಕಲ್ಲು ಮುಳುಗಿತು.
ನೀರು ಚೆಲ್ಲಿ, ಈಗ ಮೇಲಿಂದ ನೋಡು, ಅಂದ.
ಗುಂಡುಕಲ್ಲು ನಕ್ಷೆಯಾಗಿತ್ತು.
ಮರುದಿನ ಚಟ್ನಿ ಕಪ್ಪಗಿತ್ತು, ಅವ್ವನ ಮುಖವೂ.

ಗೆರೆಗಳು ಒಂದನ್ನೊಂದು ತಳ್ಳಿಕೊಂಡು ನಿಂತಲ್ಲಿ
ನಾಯಿಯೂ ಕೂತು ಇಳಿಯಬೇಕು.
ಶಿಖರದತ್ತ ಮೂತಿ ಚಾಚಿದರೆ ತೋಡು,
ಕೆಳಕ್ಕೆ ಹೊಟ್ಟೆ ಬಿಟ್ಟರೆ ಏಣು.
ಎರಡು ತಲೆಗಳ ನಡುವೆ
ಕುದುರೆ ಬೆನ್ನಿನ ಹಾಗೆ ತಗ್ಗು ಸಿಕ್ಕರೆ
ಅಲ್ಲಿಟ್ಟ ಬೆರಳು ತೆಗೆಯಬಾರದು.
ಆ ಮಗ್ಗುಲಿಗೆ ದಾಟುವ ಕಡವೆ
ಏರುವುದಕ್ಕೆ ನಮ್ಮಷ್ಟೇ ಸೋಮಾರಿ.
ಮಲಗುವುದೆಲ್ಲಿ, ಕೇಳಿದೆ.
ಕಡಿದಾದ ಮೈಯಲ್ಲಿ ಗೆರೆ ತಟಕ್ಕನೆ ದೂರವಾಗುವ ಕಡೆ,
ಬೆಟ್ಟ ಒಂದು ಉಸಿರು ಎಳೆದುಕೊಂಡ ಚಪ್ಪಟೆಯಲ್ಲಿ,
ಬೆನ್ನಿಗೆ ಗಾಳಿ, ಕಣ್ಣಿಗೆ ಇಳಿಜಾರು.
"ಗಾಳಿ ಎಲ್ಲಿ ಬರೆದಿದೆ ಮಾವ?"
ಹಾಳೆ ಪೂರ ಹುಡುಕಿದೆ. ಇದ್ದದ್ದು ಒಂದೇ ಕಡೆ,
ನಮ್ಮೂರ ಹೆಸರಲ್ಲಿ: ಗಾಳಿಬೀಡು.

ಕೈಲ್‌ಪೋದ್ ಕಳೆದ ಮೂರನೇ ದಿನ
ಕೋವಿ ಮೂತಿಯ ಬಾಡಿದ ತೋಕ್‌ಪೂ ಬಿಚ್ಚಿಟ್ಟು
ಹನ್ನೆರಡು ಗಂಡಸರು, ಏಳು ನಾಯಿ ಹೊರಟರು
ನಾನು ಬೆರಳಿಟ್ಟ ತಗ್ಗಿಗೆ,
ನಾಲ್ಕು ಸಾವಿರದ ನೂರೈವತ್ತು ಅಡಿಗೆ.
ಹಾಳೆಯೂ ಹೋಯಿತು, ಮಾವನ ಕೋಟಿನ ಜೇಬಿನಲ್ಲಿ.
ಹುಡುಗಿಯನ್ನು ಯಾರು ಕರೆಯುತ್ತಾರೆ?
ಗುಂಡುಕಲ್ಲಿನ ಮುಂದೆ ಕೂತು
ಬೆರಳಲ್ಲೇ ಅವರ ಹಿಂದೆ ನಡೆದೆ.

ಹೊತ್ತಿಳಿಯುವಾಗ ಎರಡು ಈಡು ಕೇಳಿತು.
ಒಂದೂವರೆ ಇಂಚು ಹೊತ್ತು ತರುವುದಕ್ಕೆ
ನಡುರಾತ್ರಿಯಾಯಿತು.

ಅಂಗಳದಲ್ಲಿ ಲಾಟೀನು, ಬಾಳೆಲೆ, ಪಾಲು.
ಹೊಡೆದ ಉತ್ತಯ್ಯನಿಗೆ ಇಷ್ಟು,
ಓಡಿಹೋಗಿ ಬಾಲ ಮುಟ್ಟಿದವನಿಗೆ ಇಷ್ಟು,
ಕೋವಿಗೊಂದು, ನಾಯಿಗೊಂದು.
ಮಾವ ಎದ್ದು ನಿಂತ. "ನಕ್ಷೆ ಓದಿದವಳಿಗೆ?"
ಹಿರಿಯ ಮಂದಣ್ಣ ಎದ್ದು ಹೋಗಿ
ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದ.
"ಕಾಗದಕ್ಕೆ ಪಾಲು ಕೊಟ್ಟ ಕಟ್ಟು ನಮ್ಮಲ್ಲಿಲ್ಲ."
"ಕಾಲು ಮನೆಯಲ್ಲಿಟ್ಟು ಕಾಡಿಗೆ ಹೋದವಳು!" ಯಾರೋ ಅಂದರು, ನಗು.
ಮಾವ ಕೂರಲಿಲ್ಲ.
ಕೋಳಿ ಕೂಗುವ ತನಕ ವಾದ ನಡೆದು
ಕೊನೆಗೆ ನನ್ನನ್ನು ನಾಯಿ ಎಂದು ತೀರ್ಮಾನಿಸಿದರು.
ಎಂಟನೆಯ ನಾಯಿ. ಜಾಡು ಹಿಡಿದದ್ದು.

ಆ ಪಾಲು ತಿಂದೆ.
ಕಾಚಂಪುಳಿ ಸ್ವಲ್ಪ ಹೆಚ್ಚಾಗಿತ್ತು.

ಈಗ ಬೇಟೆಯಿಲ್ಲ. ಕಾನೂನು ಬಂದು ಐವತ್ತು ವರ್ಷ ದಾಟಿತು,
ಆದದ್ದು ಸರಿ, ಯಾರ ಹತ್ತಿರವೂ ಜಗಳವಿಲ್ಲ.
ಹಾಳೆ ನನ್ನ ಬಳಿಯೇ ಇದೆ. ಆ ತಗ್ಗಿನ ಪಕ್ಕ
ಮಾವನ ಹೆಬ್ಬೆರಳಿಂದ ಬಿದ್ದ ಒಂದು ಹನಿ
ಒಣಗಿ, ಕಂದಾಗಿ,
ಗೆರೆಗಳ ಬಣ್ಣದಲ್ಲೇ ಸೇರಿಕೊಂಡಿದೆ.
ಮೊನ್ನೆ ಬೆಟ್ಟ ಹತ್ತಲು ಬಂದ ಕಾಲೇಜು ಹುಡುಗರು
ಮೊಬೈಲನ್ನು ಹಾಳೆಯ ಪಕ್ಕ ಹಿಡಿದು ಗೊಂದಲಕ್ಕೆ ಬಿದ್ದರು:
ಈ ಸಣ್ಣ ಗುಡ್ಡ ನಮ್ಮದರಲ್ಲಿ ಇಲ್ಲವಲ್ಲ,
ಎಷ್ಟು ಎತ್ತರ ಅಜ್ಜಿ?

ಕೊಂಬು ಸೇರಿಸಿಯೋ, ಬಿಟ್ಟೋ, ಕೇಳಿದೆ.